ನಾಯಿಗೆ ಪ್ಯಾಕೆಟ್ ಆಹಾರ ಕೊಡ್ತೀರಾ? ಖರೀದಿಸುವ ಮುನ್ನ ಹಿಂಬದಿಯ ಲೇಬಲ್ ಓದಿ, ಸುರಕ್ಷಿತ ಪೆಟ್ ಫುಡ್ ಆಯ್ಕೆಗೆ ಇಲ್ಲಿದೆ ಸಂಪೂರ್ಣ ಮಾಹಿತಿ

ಹೈದರಾಬಾದ್: ಮನೆಗೆ ಹೊಸ ನಾಯಿಮರಿ ಬಂದ ದಿನವೇ ಎದುರಾಗುವ ಮೊದಲ ಪ್ರಶ್ನೆ, ಏನು ತಿನ್ನಿಸಬೇಕು ಎಂಬುದು. ಹಿಂದೆ ಮನೆಯಲ್ಲಿ ಉಳಿದ ಅನ್ನ, ಮೊಸರು, ರೊಟ್ಟಿಯೇ ನಾಯಿಯ ಊಟವಾಗಿತ್ತು. ಈಗ ಹೈದರಾಬಾದ್‌ನಂತಹ ಮಹಾನಗರದಲ್ಲಿ ಪರಿಸ್ಥಿತಿ ಬೇರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ನಾಯಿಯ ಊಟ ಬರುವುದು ಪ್ಯಾಕೆಟ್‌ನಿಂದ. ಮೊಬೈಲ್ ಆ್ಯಪ್‌ನಲ್ಲಿ ಆರ್ಡರ್ ಮಾಡಿದರೆ ಕೆಲವೇ ನಿಮಿಷಗಳಲ್ಲಿ ಬಾಗಿಲಿಗೇ ಬರುತ್ತದೆ.

ಆದರೆ ಆ ಪ್ಯಾಕೆಟ್‌ನ ಒಳಗೆ ಏನಿದೆ? ಅದನ್ನು ಪರಿಶೀಲಿಸುವವರು ಯಾರು? ಮುಂಭಾಗದಲ್ಲಿರುವ ನಾಯಿಯ ಚಂದದ ಫೋಟೋ, 'ಪ್ರೀಮಿಯಂ', 'ನ್ಯಾಚುರಲ್' ಎಂಬ ಪದಗಳನ್ನು ನೋಡಿ ಖರೀದಿಸುವವರೇ ಹೆಚ್ಚು. ನಿಜವಾದ ಮಾಹಿತಿ ಇರುವುದು ಹಿಂಭಾಗದ ಸಣ್ಣ ಅಕ್ಷರಗಳಲ್ಲಿ. ಅದನ್ನು ಓದುವುದು ಹೇಗೆ, ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬ ವಿವರ ಇಲ್ಲಿದೆ.

ಎಫ್‌ಎಸ್‌ಎಸ್‌ಎಐ ನಿಮ್ಮ ನಾಯಿಯ ಆಹಾರವನ್ನು ನೋಡುವುದಿಲ್ಲ

ಬಿಸ್ಕೆಟ್, ಹಾಲು, ಎಣ್ಣೆ ಖರೀದಿಸುವಾಗ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ನೋಡುವ ಅಭ್ಯಾಸ ಹಲವರಿಗಿದೆ. ನಾಯಿಯ ಆಹಾರಕ್ಕೂ ಅದೇ ಕಾವಲು ಇರುತ್ತದೆ ಎಂದುಕೊಂಡರೆ ಅದು ತಪ್ಪು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು 'ಆಹಾರ' ಎಂಬ ಪದಕ್ಕೆ ಕೊಟ್ಟಿರುವ ವ್ಯಾಖ್ಯಾನದಿಂದ ಪ್ರಾಣಿಗಳ ಆಹಾರವನ್ನು ಹೊರಗಿಟ್ಟಿದೆ. ಅಂದರೆ ಮನುಷ್ಯರ ಆಹಾರಕ್ಕೆ ಇರುವ ಈ ಕಾನೂನು ಪೆಟ್ ಫುಡ್‌ಗೆ ಅನ್ವಯಿಸುವುದಿಲ್ಲ.

ಹಾಗಾದರೆ ಮಾನದಂಡವೇ ಇಲ್ಲವೇ? ಇದೆ. ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್, ನಾಯಿ ಮತ್ತು ಬೆಕ್ಕಿನ ಆಹಾರಕ್ಕಾಗಿ ಐಎಸ್ 11968 ಎಂಬ ಮಾನದಂಡ ರೂಪಿಸಿದ್ದು, 2019ರಲ್ಲಿ ಅದನ್ನು ಪರಿಷ್ಕರಿಸಿದೆ. ಆದರೆ ಇದು ಸ್ವಯಂಪ್ರೇರಿತ ಮಾನದಂಡ. ಕಂಪನಿ ಬಯಸಿದರೆ ಪಾಲಿಸಬಹುದು.

ವಿದೇಶದಿಂದ ಬರುವ ಪೆಟ್ ಫುಡ್‌ಗೆ ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯ ಆಮದು ಪರವಾನಗಿ ಬೇಕು. ಆದರೆ ಈ ವ್ಯವಸ್ಥೆಯ ಮುಖ್ಯ ಉದ್ದೇಶ ವಿದೇಶಿ ಪ್ರಾಣಿರೋಗಗಳು ದೇಶಕ್ಕೆ ಬಾರದಂತೆ ತಡೆಯುವುದು. ಆಹಾರ ಪೌಷ್ಟಿಕವೇ ಎಂದು ಅಳೆಯುವುದು ಅದರ ಕೆಲಸವಲ್ಲ. ದೇಶದಲ್ಲಿ ಎಲ್ಲ ಪ್ಯಾಕೆಟ್‌ಗಳಿಗೂ ಕಡ್ಡಾಯವಾಗಿರುವುದು 2011ರ ಲೀಗಲ್ ಮೆಟ್ರಾಲಜಿ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳು. ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಕೆಯ ತಿಂಗಳು ಮತ್ತು ವರ್ಷ, ಗ್ರಾಹಕರ ದೂರಿಗೆ ಸಂಪರ್ಕ ಮಾಹಿತಿ ಇರಲೇಬೇಕು. ಆಮದು ಉತ್ಪನ್ನವಾದರೆ ಮೂಲ ದೇಶ ಮತ್ತು ಆಮದುದಾರರ ವಿಳಾಸ ಬೇಕು. ಈ ನಿಯಮ ತೂಕ ಮತ್ತು ಬೆಲೆಯಲ್ಲಿ ಮೋಸವಾಗದಂತೆ ನೋಡಿಕೊಳ್ಳುತ್ತದೆ. ಒಳಗಿನ ಪೋಷಕಾಂಶದ ಹೊಣೆ ಹೊರುವುದಿಲ್ಲ.

ಹೀಗಾಗಿ ಪೆಟ್ ಫುಡ್ ವಿಷಯದಲ್ಲಿ ಕೊನೆಯ ಪರಿಶೀಲನೆ ಮಾಡಬೇಕಾದವರು ನಾಯಿಯ ಮಾಲೀಕರೇ.

ಹೈದರಾಬಾದ್ ವಿಜ್ಞಾನಿಗಳು ಪತ್ತೆ ಮಾಡಿದ ವಿಷ: 1974ರ ಪಾಠ

ನಾಯಿಯ ಆಹಾರದ ಸುರಕ್ಷತೆಗೂ ಹೈದರಾಬಾದ್‌ಗೂ ಹಳೆಯ ನಂಟಿದೆ. ನಗರದ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆ, ಅಂದರೆ ಎನ್‌ಐಎನ್, 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಹೈದರಾಬಾದ್‌ಗೆ ಬಂದ ಸಂಸ್ಥೆ.

1974ರ ಕೊನೆಯಲ್ಲಿ ರಾಜಸ್ಥಾನ ಮತ್ತು ಗುಜರಾತ್ ಗಡಿಯ ಬಾನ್ಸವಾಡಾ ಮತ್ತು ಪಂಚಮಹಲ್ ಜಿಲ್ಲೆಗಳಲ್ಲಿ ವಿಚಿತ್ರ ಕಾಯಿಲೆ ಕಾಣಿಸಿಕೊಂಡಿತು. ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವುದು, ಬಳಿಕ ಸಾವು. 200ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಇದು ಹರಡಿ, 100ಕ್ಕೂ ಹೆಚ್ಚು ಜನ ಮೃತಪಟ್ಟರು. ಎನ್‌ಐಎನ್ ವಿಜ್ಞಾನಿಗಳು ಹಳ್ಳಿಗಳಿಗೆ ಹೋಗಿ ಪರಿಶೀಲಿಸಿದಾಗ ಎರಡು ಸಂಗತಿಗಳು ಗಮನ ಸೆಳೆದವು. ಕಾಯಿಲೆ ಬಿದ್ದವರೆಲ್ಲ ಮೆಕ್ಕೆಜೋಳವನ್ನೇ ಮುಖ್ಯ ಆಹಾರವಾಗಿ ತಿನ್ನುತ್ತಿದ್ದ ಬಡ ಆದಿವಾಸಿಗಳು. ಜತೆಗೆ ಅದೇ ಊಟ ಹಂಚಿಕೊಳ್ಳುತ್ತಿದ್ದ ಊರಿನ ನಾಯಿಗಳೂ ಅದೇ ಲಕ್ಷಣಗಳಿಂದ ಸಾಯುತ್ತಿದ್ದವು.

ಕೊಯ್ಲಿನ ಹೊತ್ತಿಗೆ ಸುರಿದ ಅಕಾಲಿಕ ಮಳೆಯಿಂದ ಮೆಕ್ಕೆಜೋಳಕ್ಕೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಹತ್ತಿತ್ತು. ಆ ಬೂಷ್ಟು ತಯಾರಿಸಿದ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಹಾಳುಮಾಡಿತ್ತು. 1975ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನ ಇಂದಿಗೂ ಜಗತ್ತಿನಾದ್ಯಂತ ಉಲ್ಲೇಖವಾಗುತ್ತದೆ. ಹೈದರಾಬಾದ್ ಸಮೀಪದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯೂ ಕಡಲೆಕಾಯಿಯಲ್ಲಿ ಇದೇ ವಿಷದ ಬಗ್ಗೆ ದಶಕಗಳಿಂದ ಸಂಶೋಧನೆ ನಡೆಸಿ, ಕಡಿಮೆ ವೆಚ್ಚದ ಪರೀಕ್ಷಾ ವಿಧಾನಗಳನ್ನು ರೂಪಿಸಿದೆ.

ಈ ಹಳೆಯ ಕಥೆ ಇಂದಿನ ಪ್ಯಾಕೆಟ್ ಆಹಾರಕ್ಕೆ ಏಕೆ ಮುಖ್ಯ? ಒಣ ನಾಯಿ ಆಹಾರದಲ್ಲಿ ಮೆಕ್ಕೆಜೋಳ ಸಾಮಾನ್ಯ ಪದಾರ್ಥ. ಅಫ್ಲಾಟಾಕ್ಸಿನ್ ಬಿಸಿಗೆ ಸುಲಭವಾಗಿ ನಾಶವಾಗುವುದಿಲ್ಲ. ಬೂಷ್ಟು ಹಿಡಿದ ಧಾನ್ಯವನ್ನು ಬೇಯಿಸಿ ಕಾಳಿನ ಆಕಾರ ಕೊಟ್ಟರೂ ವಿಷ ಉಳಿಯುತ್ತದೆ. ಕಣ್ಣಿಗೆ ಬೂಷ್ಟು ಕಾಣದಿದ್ದರೂ ವಿಷ ಇರಬಹುದು. ನಾಯಿಗೆ ಈ ವಿಷವನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಅದು ದಿನವೂ, ಎರಡೂ ಹೊತ್ತು ಒಂದೇ ಪ್ಯಾಕೆಟ್‌ನಿಂದ ತಿನ್ನುವುದರಿಂದ ಅಪಾಯ ಇನ್ನೂ ಹೆಚ್ಚು.

ಅಮೆರಿಕದಂತಹ ಕಟ್ಟುನಿಟ್ಟಿನ ದೇಶದಲ್ಲೂ ಇದು ನಡೆದಿದೆ. 2020ರ ಡಿಸೆಂಬರ್‌ನಲ್ಲಿ ಅಲ್ಲಿನ ಮಿಡ್‌ವೆಸ್ಟರ್ನ್ ಪೆಟ್ ಫುಡ್ಸ್ ಕಂಪನಿ ಅಫ್ಲಾಟಾಕ್ಸಿನ್ ಕಾರಣಕ್ಕೆ ತನ್ನ ಉತ್ಪನ್ನ ವಾಪಸ್ ಪಡೆಯಿತು. ಅದನ್ನು ತಿಂದಿರಬಹುದಾದ 110ಕ್ಕೂ ಹೆಚ್ಚು ನಾಯಿಗಳ ಸಾವಿನ ವರದಿ ಅಲ್ಲಿನ ಎಫ್‌ಡಿಎಗೆ ಬಂತು. ಅದಕ್ಕೂ ಮೊದಲು 2007ರಲ್ಲಿ ಚೀನಾದಿಂದ ಬಂದ ಗೋಧಿ ಗ್ಲುಟನ್‌ನಲ್ಲಿ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆತಿದ್ದರಿಂದ ನಾಯಿ, ಬೆಕ್ಕುಗಳ ಮೂತ್ರಪಿಂಡ ವಿಫಲವಾಗಿ ಹಲವು ಬ್ರ್ಯಾಂಡ್‌ಗಳು ಮಾರುಕಟ್ಟೆಯಿಂದ ವಾಪಸಾಗಿದ್ದವು. ಪ್ರೋಟೀನ್ ಪ್ರಮಾಣ ಹೆಚ್ಚು ತೋರಿಸಲು ಮೆಲಮೈನ್ ಬೆರೆಸಲಾಗಿತ್ತು. ಪ್ರಯೋಗಾಲಯದ ಸಾಮಾನ್ಯ ಪರೀಕ್ಷೆ ಅಳೆಯುವುದು ಸಾರಜನಕವನ್ನು. ಮೆಲಮೈನ್‌ನಲ್ಲಿ ಅದು ಧಾರಾಳವಾಗಿದೆ. ಹೀಗಾಗಿ ಲೇಬಲ್‌ನಲ್ಲಿ ಪ್ರೋಟೀನ್ ಹೆಚ್ಚಿದೆ ಎಂದಮಾತ್ರಕ್ಕೆ ಆಹಾರ ಒಳ್ಳೆಯದು ಎನ್ನಲಾಗದು.

ಮೊದಲು ಹುಡುಕಬೇಕಾದ ಪದ: 'ಕಂಪ್ಲೀಟ್'

ಪ್ಯಾಕೆಟ್ ತಿರುಗಿಸಿದಾಗ ಮೊದಲು ಗಮನಿಸಬೇಕಾದದ್ದು ಅದು ಸಂಪೂರ್ಣ ಆಹಾರವೇ, ಪೂರಕ ಆಹಾರವೇ ಎಂಬುದು. 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಎಂದಿದ್ದರೆ ಅದೊಂದನ್ನೇ ಕೊಟ್ಟರೂ ನಾಯಿಗೆ ಬೇಕಾದ ಪೋಷಕಾಂಶ ಸಿಗುತ್ತದೆ ಎಂದು ತಯಾರಕರು ಹೇಳಿಕೊಳ್ಳುತ್ತಿದ್ದಾರೆ ಎಂದರ್ಥ. 'ಕಾಂಪ್ಲಿಮೆಂಟರಿ', 'ಟ್ರೀಟ್', 'ಟಾಪರ್' ಎಂದಿದ್ದರೆ ಅದು ಊಟವಲ್ಲ, ತಿಂಡಿ. ಗ್ರೇವಿ ಪೌಚ್‌ಗಳಲ್ಲಿ ಎರಡೂ ಬಗೆ ಇರುವುದರಿಂದ ಇಲ್ಲಿ ಎಚ್ಚರ ಅಗತ್ಯ.

ಎರಡನೆಯದು, ಯಾವ ವಯಸ್ಸಿಗೆ? ಮರಿ, ವಯಸ್ಕ, ವೃದ್ಧ ನಾಯಿಗಳ ಅಗತ್ಯ ಬೇರೆಬೇರೆ. ಅಮೆರಿಕದ ಆಫ್ಕೊ ಸಂಘಟನೆಯ ಮಾನದಂಡದ ಪ್ರಕಾರ, ತೇವಾಂಶ ಬಿಟ್ಟು ಲೆಕ್ಕ ಹಾಕಿದಾಗ ವಯಸ್ಕ ನಾಯಿಯ ಆಹಾರದಲ್ಲಿ ಕನಿಷ್ಠ 18% ಪ್ರೋಟೀನ್, 5.5% ಕೊಬ್ಬು ಇರಬೇಕು. ಬೆಳೆಯುವ ಮರಿ ಮತ್ತು ಗರ್ಭಿಣಿ, ಹಾಲೂಡಿಸುವ ನಾಯಿಗೆ 22.5% ಪ್ರೋಟೀನ್, 8.5% ಕೊಬ್ಬು ಬೇಕು. ಯುರೋಪ್‌ನಲ್ಲಿ ಫೆಡಿಯಾಫ್ ಸಂಘಟನೆಯ ಮಾರ್ಗಸೂಚಿ ಬಳಕೆಯಲ್ಲಿದೆ.

ಒಂದು ಸ್ಪಷ್ಟನೆ: ಆಫ್ಕೊ ಯಾವ ಉತ್ಪನ್ನವನ್ನೂ ಪರೀಕ್ಷಿಸುವುದಿಲ್ಲ, ಪ್ರಮಾಣಪತ್ರ ಕೊಡುವುದಿಲ್ಲ. 'ಆಫ್ಕೊ ಅನುಮೋದಿತ' ಎಂದು ಪ್ಯಾಕೆಟ್‌ನಲ್ಲಿ ಬರೆದಿದ್ದರೆ ಅದೇ ಅನುಮಾನಕ್ಕೆ ಕಾರಣ. 'ಆಫ್ಕೊ ಪೋಷಕಾಂಶ ಮಟ್ಟಕ್ಕೆ ಅನುಗುಣವಾಗಿ ರೂಪಿಸಲಾಗಿದೆ' ಎಂಬುದು ಸರಿಯಾದ ಒಕ್ಕಣೆ.

ಪದಾರ್ಥಗಳ ಪಟ್ಟಿ: ಮೊದಲ ಐದು ಹೆಸರು ನೋಡಿ

ಪದಾರ್ಥಗಳನ್ನು ಸಾಮಾನ್ಯವಾಗಿ ತೂಕದ ಇಳಿಕೆಯ ಕ್ರಮದಲ್ಲಿ ಬರೆಯಲಾಗುತ್ತದೆ. ಮೊದಲ ಸ್ಥಾನದಲ್ಲಿರುವುದು ಅತಿ ಹೆಚ್ಚು ಇದೆ ಎಂದರ್ಥ. ಆದರೆ ಇಲ್ಲೂ ಕೆಲವು ಸೂಕ್ಷ್ಮಗಳಿವೆ.

* ತಾಜಾ ಕೋಳಿಮಾಂಸದಲ್ಲಿ ಸುಮಾರು 70% ನೀರೇ ಇರುತ್ತದೆ. ಒಣಗಿಸಿದ ಮೇಲೆ ಅದರ ತೂಕ ಬಹಳ ಇಳಿಯುತ್ತದೆ. 'ಚಿಕನ್ ಮೀಲ್' ಎಂದರೆ ನೀರು, ಕೊಬ್ಬು ತೆಗೆದ ಪುಡಿ. ಅದರಲ್ಲಿ ಪ್ರೋಟೀನ್ ಹೆಚ್ಚು. ಹೀಗಾಗಿ 'ಮೀಲ್' ಎಂಬ ಪದ ಕಂಡು ಹೆದರಬೇಕಿಲ್ಲ.
* 'ಬೈ ಪ್ರಾಡಕ್ಟ್' ಎಂದರೆ ಕಸ ಎಂದಲ್ಲ. ಯಕೃತ್ತು, ಶ್ವಾಸಕೋಶ, ಮೂತ್ರಪಿಂಡದಂತಹ ಅಂಗಗಳೂ ಅದರಲ್ಲಿ ಸೇರುತ್ತವೆ. ಯಾವ ಪ್ರಾಣಿಯದು ಎಂದು ಹೆಸರಿಸಿದ್ದರೆ ಒಳ್ಳೆಯದು. ಬರೀ 'ಮೀಟ್ ಅಂಡ್ ಮೀಟ್ ಬೈ ಪ್ರಾಡಕ್ಟ್ಸ್' ಎಂದಿದ್ದರೆ ಪ್ರತಿ ಬ್ಯಾಚ್‌ನಲ್ಲೂ ಮೂಲ ಬದಲಾಗಬಹುದು. ಅಲರ್ಜಿ ಇರುವ ನಾಯಿಗೆ ಇದು ಸೂಕ್ತವಲ್ಲ.
* ಮೆಕ್ಕೆಜೋಳ, ಮೆಕ್ಕೆಜೋಳದ ಗ್ಲುಟನ್, ಮೆಕ್ಕೆಜೋಳದ ಹಿಟ್ಟು ಎಂದು ಒಂದೇ ಧಾನ್ಯವನ್ನು ಮೂರು ಹೆಸರಿನಲ್ಲಿ ಒಡೆದು ಬರೆದರೆ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಮಾಂಸ ಮೇಲೇರಿದಂತೆ ಕಾಣುತ್ತದೆ. ಮೂರನ್ನೂ ಕೂಡಿಸಿ ನೋಡಿ.
* ಕೃತಕ ಬಣ್ಣ ನಾಯಿಗೆ ಬೇಕಿಲ್ಲ. ಕೆಂಪು, ಹಸಿರು ಕಾಳುಗಳು ಇರುವುದು ಖರೀದಿಸುವ ಮನುಷ್ಯರ ಕಣ್ಣಿಗಾಗಿ.

ಧಾನ್ಯ ಕೆಟ್ಟದ್ದು, 'ಗ್ರೇನ್ ಫ್ರೀ' ಒಳ್ಳೆಯದು ಎಂಬ ಪ್ರಚಾರವೂ ಇದೆ. ನಾಯಿಗಳು ಬೇಯಿಸಿದ ಧಾನ್ಯದ ಪಿಷ್ಟವನ್ನು ಚೆನ್ನಾಗಿ ಜೀರ್ಣಿಸಿಕೊಳ್ಳುತ್ತವೆ. 2018ರ ಜುಲೈನಲ್ಲಿ ಅಮೆರಿಕದ ಎಫ್‌ಡಿಎ, ಬಟಾಣಿ, ಬೇಳೆಕಾಳು ಹೆಚ್ಚಿರುವ ಧಾನ್ಯರಹಿತ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಡಿಸಿಎಂ ಕಾಯಿಲೆಗೂ ನಂಟಿದೆಯೇ ಎಂಬ ತನಿಖೆ ಆರಂಭಿಸಿತ್ತು. ಖಚಿತ ಕಾರಣ ಸಾಬೀತಾಗಿಲ್ಲ. ಆದರೆ ವೈದ್ಯರು ಹೇಳದೇ ಹೆಚ್ಚು ಹಣ ಕೊಟ್ಟು ಧಾನ್ಯರಹಿತ ಆಹಾರ ಖರೀದಿಸುವ ಅಗತ್ಯವಿಲ್ಲ.

ಒಣ ಆಹಾರ, ಗ್ರೇವಿ: ಪ್ರೋಟೀನ್ ಹೋಲಿಕೆ ಹೇಗೆ?

ಒಂದು ಒಣ ಆಹಾರದ ಪ್ಯಾಕೆಟ್‌ನಲ್ಲಿ 20% ಪ್ರೋಟೀನ್, 12% ತೇವಾಂಶ ಎಂದಿದೆ. ಗ್ರೇವಿ ಪೌಚ್‌ನಲ್ಲಿ 7% ಪ್ರೋಟೀನ್, 82% ತೇವಾಂಶ ಎಂದಿದೆ. ಯಾವುದರಲ್ಲಿ ಪ್ರೋಟೀನ್ ಹೆಚ್ಚು? ಮೇಲ್ನೋಟಕ್ಕೆ ಒಣ ಆಹಾರ. ಆದರೆ ನೀರನ್ನು ಕಳೆದು ಲೆಕ್ಕ ಹಾಕಬೇಕು.

ಸೂತ್ರ ಸುಲಭ. 100ರಿಂದ ತೇವಾಂಶ ಕಳೆಯಿರಿ. ಪ್ರೋಟೀನ್ ಅನ್ನು ಆ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿ.

* ಒಣ ಆಹಾರ: 20 ÷ 88 × 100 = ಸುಮಾರು 22.7%
* ಗ್ರೇವಿ: 7 ÷ 18 × 100 = ಸುಮಾರು 38.9%

ಹಾಗೆಂದು ಗ್ರೇವಿಯೇ ಶ್ರೇಷ್ಠ ಎಂದಲ್ಲ. ನೀರಿನ ಪಾಲು ಹೆಚ್ಚಿರುವುದರಿಂದ ಹೊಟ್ಟೆ ತುಂಬಲು ಹಲವು ಪೌಚ್ ಬೇಕು, ಖರ್ಚು ಹೆಚ್ಚು. ಬೇಸಿಗೆಯಲ್ಲಿ ನೀರು ಕಡಿಮೆ ಕುಡಿಯುವ ನಾಯಿಗೆ ಒಣ ಆಹಾರದ ಜತೆ ಸ್ವಲ್ಪ ಗ್ರೇವಿ ಬೆರೆಸಬಹುದು.

ದಿನಕ್ಕೆ ಎಷ್ಟು ಕೊಡಬೇಕು?

ಪ್ಯಾಕೆಟ್ ಮೇಲಿನ ಅಳತೆ ಸರಾಸರಿ ಮಾತ್ರ. ಪಶುವೈದ್ಯರು ಬಳಸುವ ಲೆಕ್ಕ ಹೀಗಿದೆ: ನಾಯಿಯ ತೂಕದ 0.75 ಘಾತವನ್ನು 70ರಿಂದ ಗುಣಿಸಿದರೆ ವಿಶ್ರಾಂತಿಯಲ್ಲಿರುವಾಗ ಬೇಕಾದ ಕ್ಯಾಲೊರಿ ಸಿಗುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ವಯಸ್ಕ ನಾಯಿಗೆ ಅದನ್ನು 1.6ರಿಂದ ಗುಣಿಸಲಾಗುತ್ತದೆ. ನಾಲ್ಕು ತಿಂಗಳೊಳಗಿನ ಮರಿಗೆ ಮೂರು ಪಟ್ಟು, ಅದಕ್ಕಿಂತ ದೊಡ್ಡ ಮರಿಗೆ ಎರಡು ಪಟ್ಟು.

ಉದಾಹರಣೆಗೆ 100 ಗ್ರಾಂಗೆ ಸುಮಾರು 310 ಕ್ಯಾಲೊರಿ ಇರುವ ಸಾಮಾನ್ಯ ಒಣ ಆಹಾರವಾದರೆ ವಯಸ್ಕ ನಾಯಿಗೆ ದಿನಕ್ಕೆ ಬೇಕಾಗುವ ಅಂದಾಜು ಪ್ರಮಾಣ:

* 5 ಕೆಜಿ ನಾಯಿ: 375 ಕ್ಯಾಲೊರಿ, ಸುಮಾರು 120 ಗ್ರಾಂ
* 10 ಕೆಜಿ ನಾಯಿ: 630 ಕ್ಯಾಲೊರಿ, ಸುಮಾರು 200 ಗ್ರಾಂ
* 20 ಕೆಜಿ ನಾಯಿ: 1,060 ಕ್ಯಾಲೊರಿ, ಸುಮಾರು 340 ಗ್ರಾಂ
* 30 ಕೆಜಿ ನಾಯಿ: 1,435 ಕ್ಯಾಲೊರಿ, ಸುಮಾರು 460 ಗ್ರಾಂ

ಗಮನಿಸಿ, ತೂಕ ಎರಡು ಪಟ್ಟಾದರೆ ಊಟ ಎರಡು ಪಟ್ಟಾಗುವುದಿಲ್ಲ. ಅಪಾರ್ಟ್‌ಮೆಂಟ್‌ನಲ್ಲಿ ದಿನವಿಡೀ ಮಲಗುವ ನಾಯಿಗೆ ಇದಕ್ಕಿಂತ ಕಡಿಮೆ ಸಾಕು. ಕಪ್ ಲೆಕ್ಕದ ಬದಲು ಅಡುಗೆಮನೆಯ ತಕ್ಕಡಿ ಬಳಸಿ.

ಅಳತೆ ಸರಿಯಿದೆಯೇ ಎಂದು ತಿಳಿಯಲು ನಾಯಿಯ ಮೈ ಮುಟ್ಟಿ ನೋಡಿ. ಒತ್ತದೆಯೇ ಪಕ್ಕೆಲುಬು ಕೈಗೆ ಸಿಗಬೇಕು, ಮೇಲಿನಿಂದ ನೋಡಿದಾಗ ಸೊಂಟ ಕಾಣಬೇಕು. ಮುಧೋಳದಂತಹ ಬೇಟೆ ತಳಿಗಳು ಇದಕ್ಕೆ ಅಪವಾದ. ಅವುಗಳ ಕೊನೆಯ ಪಕ್ಕೆಲುಬುಗಳು ಕಣ್ಣಿಗೆ ಕಾಣುವುದು ಸಹಜ. ಸೊರಗಿದೆ ಎಂದು ಭಾವಿಸಿ ಹೆಚ್ಚು ತಿನ್ನಿಸಿದರೆ ಆ ತಳಿಯ ಓಟಕ್ಕೂ ಕೀಲಿಗೂ ತೊಂದರೆ.

ಬಿಸ್ಕೆಟ್, ಚ್ಯೂ ಸ್ಟಿಕ್ ಸೇರಿ ತಿಂಡಿಯ ಪಾಲು ದಿನದ ಕ್ಯಾಲೊರಿಯ 10% ಮೀರಬಾರದು. 10 ಕೆಜಿ ನಾಯಿಗೆ ಅದು ಸುಮಾರು 63 ಕ್ಯಾಲೊರಿ. ಚಹಾ ಜತೆ ನಾವು ತಿನ್ನುವ ಗ್ಲೂಕೋಸ್ ಬಿಸ್ಕೆಟ್ ಮೂರು ಕೊಟ್ಟರೆ ಆ ಪಾಲು ಮುಗಿಯಿತು.

ಬೆಲೆ ಹೋಲಿಸುವಾಗ ಕೆಜಿ ಅಲ್ಲ, ದಿನದ ಲೆಕ್ಕ ನೋಡಿ

ಕೆಜಿಗೆ 300 ರೂಪಾಯಿಯ ಆಹಾರದಲ್ಲಿ 100 ಗ್ರಾಂಗೆ 330 ಕ್ಯಾಲೊರಿ, 420 ರೂಪಾಯಿಯದರಲ್ಲಿ 400 ಕ್ಯಾಲೊರಿ ಇದೆ ಎಂದುಕೊಳ್ಳಿ. 10 ಕೆಜಿ ನಾಯಿಗೆ ಮೊದಲನೆಯದು ದಿನಕ್ಕೆ 191 ಗ್ರಾಂ, ಅಂದರೆ 57 ರೂಪಾಯಿ. ಎರಡನೆಯದು 158 ಗ್ರಾಂ, 66 ರೂಪಾಯಿ. ಅಂಗಡಿಯಲ್ಲಿ 40% ದುಬಾರಿ ಎನಿಸಿದ್ದು ಬಟ್ಟಲಿಗೆ ಬರುವಾಗ ಸುಮಾರು 15% ಮಾತ್ರ. ಪ್ಯಾಕೆಟ್‌ನಲ್ಲಿ ಕ್ಯಾಲೊರಿ ಬರೆದಿಲ್ಲದಿದ್ದರೆ ಕಂಪನಿಯ ಗ್ರಾಹಕ ಸಂಖ್ಯೆಗೆ ಕರೆ ಮಾಡಿ ಕೇಳಿ. ಉತ್ತರ ಕೊಡಲಾಗದ ಕಂಪನಿಯ ಆಹಾರ ಬಿಡುವುದೇ ಲೇಸು.

ಅದೇ ಕರೆಯಲ್ಲಿ ಇನ್ನೂ ಮೂರು ಪ್ರಶ್ನೆ ಕೇಳಬಹುದು. ಆಹಾರದ ಸೂತ್ರ ರೂಪಿಸಿದ ಪೋಷಣ ತಜ್ಞರು ಯಾರು? ಸ್ವಂತ ಕಾರ್ಖಾನೆಯೇ ಅಥವಾ ಬೇರೆಯವರಿಂದ ತಯಾರಿಸುತ್ತೀರಾ? ಪ್ರತಿ ಬ್ಯಾಚ್‌ಗೆ ಅಫ್ಲಾಟಾಕ್ಸಿನ್ ಪರೀಕ್ಷೆ ನಡೆಯುತ್ತದೆಯೇ? ವಿಶ್ವ ಸಣ್ಣ ಪ್ರಾಣಿ ಪಶುವೈದ್ಯರ ಸಂಘದ ಮಾರ್ಗಸೂಚಿಯೂ ಬ್ರ್ಯಾಂಡ್ ಹೆಸರಿಗಿಂತ ತಯಾರಕರ ಪರಿಣತಿ ಮತ್ತು ಗುಣಮಟ್ಟ ಪರೀಕ್ಷೆಯ ಬಗ್ಗೆ ವಿಚಾರಿಸುವಂತೆ ಸಲಹೆ ನೀಡುತ್ತದೆ. ಅಮೆರಿಕದಲ್ಲಿ ಪೆಟ್ ಫುಡ್‌ನ ಅಫ್ಲಾಟಾಕ್ಸಿನ್ ಮಿತಿ ಒಂದು ಕೆಜಿಗೆ 20 ಮೈಕ್ರೋಗ್ರಾಂ.

ಹೈದರಾಬಾದ್ ಬಿಸಿಲು, ಮಳೆ: ಮನೆಯಲ್ಲಿ ಶೇಖರಣೆ ಹೇಗೆ?

ಹೈದರಾಬಾದ್ ಸುತ್ತಮುತ್ತಲೇ ದೊಡ್ಡ ಪೆಟ್ ಫುಡ್ ಉತ್ಪಾದನೆ ಇದೆ. ಸಿದ್ದಿಪೇಟೆ ಜಿಲ್ಲೆಯಲ್ಲಿ ಮಾರ್ಸ್ ಕಂಪನಿಯ ಕಾರ್ಖಾನೆ ಇದ್ದು, ಅದರ ವಿಸ್ತರಣೆಗೆ 500 ಕೋಟಿ ರೂಪಾಯಿ ಹೂಡಿಕೆಯನ್ನು 2021ರಲ್ಲಿ ಘೋಷಿಸಲಾಗಿತ್ತು. ಆದರೆ ಕಾರ್ಖಾನೆ ಹತ್ತಿರವಿದ್ದ ಮಾತ್ರಕ್ಕೆ ಅಂಗಡಿಯ ಪ್ಯಾಕೆಟ್ ತಾಜಾ ಇರುತ್ತದೆ ಎನ್ನಲಾಗದು. ಏಪ್ರಿಲ್, ಮೇ ತಿಂಗಳಲ್ಲಿ ನಗರದ ತಾಪಮಾನ 40 ಡಿಗ್ರಿ ದಾಟುತ್ತದೆ. ತಗಡಿನ ಗೋದಾಮಿನಲ್ಲಿ, ಬಿಸಿಲಿಗೆ ತೆರೆದ ಅಂಗಡಿ ಮುಂಗಟ್ಟಿನಲ್ಲಿ ಇಟ್ಟ ಆಹಾರದ ಕೊಬ್ಬು ಕಮಟು ಹಿಡಿಯುತ್ತದೆ, ಜೀವಸತ್ವಗಳು ನಷ್ಟವಾಗುತ್ತವೆ. ಜೂನ್ ಬಳಿಕ ಮಳೆಯ ತೇವ ಬೂಷ್ಟಿಗೆ ದಾರಿ ಮಾಡುತ್ತದೆ.

* ಚೀಲದಿಂದ ಅಳೆದು ಕೊಡುವ ಬಿಡಿ ಆಹಾರ ಬೇಡ. ತಯಾರಿಕೆ ದಿನಾಂಕ, ಬ್ಯಾಚ್ ಸಂಖ್ಯೆ ಎರಡೂ ಸಿಗುವುದಿಲ್ಲ. ಏನಾದರೂ ಆದರೆ ಪುರಾವೆಯೂ ಇರುವುದಿಲ್ಲ.
* ಒಂದು ತಿಂಗಳಲ್ಲಿ ಖಾಲಿಯಾಗುವಷ್ಟು ಗಾತ್ರದ ಪ್ಯಾಕೆಟ್ ಮಾತ್ರ ಖರೀದಿಸಿ. 5 ಕೆಜಿಯ ನಾಯಿಗೆ 20 ಕೆಜಿ ಚೀಲ ರಿಯಾಯಿತಿಯಲ್ಲಿ ಸಿಕ್ಕರೂ ಲಾಭವಿಲ್ಲ.
* ಆಹಾರವನ್ನು ಮೂಲ ಪ್ಯಾಕೆಟ್‌ನಲ್ಲೇ ಇರಿಸಿ, ಆ ಪ್ಯಾಕೆಟ್ ಅನ್ನು ಡಬ್ಬಿಯೊಳಗೆ ಇಡಿ. ನೇರ ಡಬ್ಬಿಗೆ ಸುರಿದರೆ ತಳದಲ್ಲಿ ಉಳಿದ ಹಳೆಯ ಕೊಬ್ಬು ಹೊಸ ಆಹಾರವನ್ನೂ ಕೆಡಿಸುತ್ತದೆ.
* ಬಾಲ್ಕನಿ, ವಾಷಿಂಗ್ ಏರಿಯಾ ಬೇಡ. 27 ಡಿಗ್ರಿಗಿಂತ ಕಡಿಮೆ ತಾಪಮಾನದ ಒಣ ಜಾಗ ಉತ್ತಮ. ಬೇಸಿಗೆಯಲ್ಲಿ ಅದು ಸಾಧ್ಯವಾಗದಿದ್ದರೆ ಮನೆಯ ಅತಿ ತಂಪಾದ ಕೋಣೆ ಆರಿಸಿ, ಇನ್ನೂ ಸಣ್ಣ ಪ್ಯಾಕೆಟ್ ತನ್ನಿ.
* ತೆರೆದ ಗ್ರೇವಿಯನ್ನು ಫ್ರಿಜ್‌ನಲ್ಲಿಡಿ. ಬಟ್ಟಲಲ್ಲಿ ಉಳಿದದ್ದನ್ನು ಮತ್ತೆ ಕೊಡಬೇಡಿ.
* ಹಳೆಯ ಎಣ್ಣೆಯ ವಾಸನೆ, ಹುಳ, ಗಂಟುಕಟ್ಟಿದ ಕಾಳು ಕಂಡರೆ ಎಸೆಯಿರಿ. ಬಿಸಿಲಿಗೆ ಒಣಗಿಸಿದರೆ ವಿಷ ಹೋಗುವುದಿಲ್ಲ. ಬೀದಿನಾಯಿಗಳಿಗೂ ಹಾಕಬೇಡಿ.

ಈ ತಪ್ಪುಗಳು ಬೇಡ

ಪ್ಯಾಕೆಟ್ ಆಹಾರದ ಜತೆ ಅರ್ಧದಷ್ಟು ಮೊಸರನ್ನ ಬೆರೆಸುವುದು ಹಲವು ಮನೆಗಳ ರೂಢಿ. ಸಂಪೂರ್ಣ ಆಹಾರದಲ್ಲಿ ಲೆಕ್ಕ ಹಾಕಿ ಇಟ್ಟಿರುವ ಪ್ರೋಟೀನ್, ಖನಿಜಗಳು ಇದರಿಂದ ಅರ್ಧಕ್ಕಿಳಿಯುತ್ತವೆ. ಮನೆಯ ಅಡುಗೆಯನ್ನೇ ಕೊಡುವುದಾದರೆ ಪಶುವೈದ್ಯರಿಂದ ಪಟ್ಟಿ ಬರೆಸಿಕೊಂಡು ಕೊಡಿ.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂತಹ ದೊಡ್ಡ ತಳಿಯ ಮರಿಗಳಿಗೆ ಕ್ಯಾಲ್ಸಿಯಂ ಸಿರಪ್ ಕುಡಿಸುವುದು ಮತ್ತೊಂದು ತಪ್ಪು. ಸಂಪೂರ್ಣ ಆಹಾರದಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತದೆ. ಅದು ಹೆಚ್ಚಾದರೆ ಮೂಳೆ, ಕೀಲಿನ ಬೆಳವಣಿಗೆಯೇ ಕೆಡುತ್ತದೆ. ದೊಡ್ಡ ತಳಿಯ ಮರಿ ಆಹಾರದಲ್ಲಿ ಕ್ಯಾಲ್ಸಿಯಂ 1.8% ಮೀರಬಾರದು ಎಂದು ಆಫ್ಕೊ ಮಿತಿ ಹಾಕಿದೆ.

ಹೈದರಾಬಾದ್‌ನಲ್ಲಿ ಭಾನುವಾರದ ಬಿರಿಯಾನಿ ತಪ್ಪುವುದಿಲ್ಲ. ಆದರೆ ಉಳಿದ ಬಿರಿಯಾನಿ ನಾಯಿಗಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚಬಹುದು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಸಕ್ಕರೆರಹಿತ ಚ್ಯೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ಕೂಡ ವಿಷ.

ಸಸ್ಯಾಹಾರಿ ಮನೆಗಳಲ್ಲಿ ನಾಯಿಗೂ ಸಸ್ಯಾಹಾರ ಕೊಡಬಹುದೇ ಎಂಬ ಪ್ರಶ್ನೆ ಬರುತ್ತದೆ. ನಾಯಿ ಮಿಶ್ರಾಹಾರಿ. ಸಂಪೂರ್ಣ ಆಹಾರ ಎಂದು ಸರಿಯಾಗಿ ರೂಪಿಸಿದ ಸಸ್ಯಾಹಾರಿ ಪೆಟ್ ಫುಡ್‌ನಲ್ಲಿ ವಯಸ್ಕ ನಾಯಿ ಬದುಕಬಲ್ಲದು. ಆದರೆ ವೈದ್ಯರ ನಿಗಾ ಬೇಕು, ಮರಿಗಳಿಗೆ ಬೇಡ. ಬೆಕ್ಕಿಗಂತೂ ಮಾಂಸ ಮೂಲದ ಪೋಷಕಾಂಶ ಅನಿವಾರ್ಯ.

ಬ್ರ್ಯಾಂಡ್ ಬದಲಿಸುವಾಗ ಒಮ್ಮೆಲೇ ಬದಲಿಸಬೇಡಿ. ಮೊದಲ ಎರಡು ದಿನ ಕಾಲು ಭಾಗ ಹೊಸದು, ಮುಂದಿನ ಎರಡು ದಿನ ಅರ್ಧ, ಮತ್ತೆರಡು ದಿನ ಮುಕ್ಕಾಲು, ಏಳನೇ ದಿನಕ್ಕೆ ಪೂರ್ತಿ. ಇಲ್ಲದಿದ್ದರೆ ಭೇದಿಯಾಗಬಹುದು.

ಆಹಾರದ ಮೇಲೆ ಅನುಮಾನ ಬಂದರೆ ಏನು ಮಾಡಬೇಕು?

ಪ್ಯಾಕೆಟ್ ಬದಲಿಸಿದ ಬಳಿಕ ನಾಯಿ ಮಂಕಾಗುವುದು, ಊಟ ಬಿಡುವುದು, ವಾಂತಿ, ಭೇದಿ, ಕಣ್ಣು ಅಥವಾ ವಸಡು ಹಳದಿಯಾಗುವುದು, ಹೆಚ್ಚು ನೀರು ಕುಡಿದು ಪದೇಪದೆ ಮೂತ್ರ ಮಾಡುವುದು ಕಂಡರೆ ಆ ಆಹಾರ ತಕ್ಷಣ ನಿಲ್ಲಿಸಿ. ಹಳದಿ ಬಣ್ಣ ಕಂಡರೆ ನಾಳೆ ನೋಡೋಣ ಎನ್ನದೆ ಅದೇ ದಿನ ವೈದ್ಯರ ಬಳಿ ಹೋಗಿ. ಹೈದರಾಬಾದ್‌ನಲ್ಲಿ ನಾರಾಯಣಗುಡದ ಸರ್ಕಾರಿ ಸೂಪರ್ ಸ್ಪೆಷಾಲಿಟಿ ಪಶು ಆಸ್ಪತ್ರೆ ಮತ್ತು ರಾಜೇಂದ್ರನಗರದ ಪಶುವೈದ್ಯಕೀಯ ಕಾಲೇಜು ಇವೆ. ಕಲ್ಯಾಣ ಕರ್ನಾಟಕ ಭಾಗದವರಿಗೆ ಬೀದರ್‌ನ ಪಶುವೈದ್ಯಕೀಯ ಕಾಲೇಜು ಹತ್ತಿರ.

ಪ್ಯಾಕೆಟ್ ಎಸೆಯಬೇಡಿ. ಬ್ಯಾಚ್ ಸಂಖ್ಯೆ, ದಿನಾಂಕದ ಫೋಟೋ ತೆಗೆಯಿರಿ. ಉಳಿದ ಆಹಾರದಲ್ಲಿ ಸ್ವಲ್ಪವನ್ನು ಮುಚ್ಚಿದ ಚೀಲದಲ್ಲಿ ಇಡಿ. ಬಿಲ್ ಮತ್ತು ವೈದ್ಯರ ವರದಿ ಜೋಪಾನ ಮಾಡಿ. ಕಂಪನಿಗೆ ಬರಹದಲ್ಲಿ ದೂರು ಕೊಡಿ. ಸ್ಪಂದನೆ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಪ್ರಕರಣ ದಾಖಲಿಸಲು ಅವಕಾಶವಿದೆ. ಆಹಾರ ಸುರಕ್ಷತಾ ಕಾಯ್ದೆ ಕೈಬಿಟ್ಟಿರುವ ಕಡೆ ಗ್ರಾಹಕ ಕಾಯ್ದೆಯೇ ಆಸರೆ.

ಅಂಗಡಿಗೆ ಹೋಗುವಾಗ ನೆನಪಿರಲಿ

* 'ಕಂಪ್ಲೀಟ್' ಎಂದು ಬರೆದಿದೆಯೇ, ನಾಯಿಯ ವಯಸ್ಸಿಗೆ ಹೊಂದುತ್ತದೆಯೇ?
* ತಯಾರಿಕೆ ತಿಂಗಳು ಇತ್ತೀಚಿನದೇ, ಬಳಸಬಹುದಾದ ಕೊನೆಯ ದಿನಾಂಕ ದೂರವಿದೆಯೇ?
* ತಯಾರಕರ ಪೂರ್ಣ ವಿಳಾಸ, ಗ್ರಾಹಕ ಸಂಖ್ಯೆ ಇದೆಯೇ? ಆಮದಾದರೆ ಆಮದುದಾರರ ಹೆಸರಿದೆಯೇ?
* ಮಾಂಸದ ಮೂಲ ಹೆಸರಿಸಿದ್ದಾರೆಯೇ?
* ಐಎಸ್ 11968, ಆಫ್ಕೊ ಅಥವಾ ಫೆಡಿಯಾಫ್ ಮಟ್ಟದ ಉಲ್ಲೇಖವಿದೆಯೇ?
* ಪ್ಯಾಕೆಟ್ ಹರಿದಿಲ್ಲ, ಒದ್ದೆಯಾಗಿಲ್ಲ, ಸೀಲ್ ಗಟ್ಟಿಯಿದೆಯೇ?

ಆನ್‌ಲೈನ್ ಖರೀದಿಯಲ್ಲಿ ಇವೆಲ್ಲ ಮೊದಲೇ ಕಾಣುವುದಿಲ್ಲ. ಪಾರ್ಸೆಲ್ ಬಂದ ಕೂಡಲೇ ಪರಿಶೀಲಿಸಿ, ಸರಿಯಿಲ್ಲದಿದ್ದರೆ ತೆರೆಯದೆ ವಾಪಸ್ ಕಳಿಸಿ.

1974ರಲ್ಲಿ ಆ ಹಳ್ಳಿಗಳ ಜನರಿಗೆ ಬೇರೆ ಧಾನ್ಯ ಕೊಳ್ಳುವ ಶಕ್ತಿ ಇರಲಿಲ್ಲ, ಅವರ ನಾಯಿಗಳಿಗೂ ಬೇರೆ ದಾರಿ ಇರಲಿಲ್ಲ. ಇಂದು ಪ್ಯಾಕೆಟ್ ಆರಿಸುವ ಅವಕಾಶ ನಮ್ಮ ಕೈಯಲ್ಲಿದೆ. ನಾಯಿಗೆ ಲೇಬಲ್ ಓದಲು ಬರುವುದಿಲ್ಲ, ಬಟ್ಟಲಿಗೆ ಹಾಕಿದ್ದನ್ನು ನಂಬಿ ತಿನ್ನುತ್ತದೆ. ಆದ್ದರಿಂದ ಎರಡು ನಿಮಿಷ ನಿಂತು ಓದುವ ಕೆಲಸ ನಮ್ಮದೇ.

(ಗಮನಿಸಿ: ಇದು ಸಾಮಾನ್ಯ ಮಾಹಿತಿ. ಮೂತ್ರಪಿಂಡ, ಯಕೃತ್ತು, ಮಧುಮೇಹ ಸಮಸ್ಯೆ ಇರುವ ನಾಯಿಗಳಿಗೆ ಪಶುವೈದ್ಯರು ಸೂಚಿಸಿದ ಆಹಾರವನ್ನಷ್ಟೇ ನೀಡಿ.)